ಪ್ಲೇಟ್ ನೋಡಿ ತಪ್ಪು ಉತ್ತರ ಕೊಟ್ಟೆ

ನಾನು ಧಾರವಾಡದ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಬೆಳೆಗೆ ರೋಗ ತರುವ ಶಿಲೀಂಧ್ರದ ಎಂಜೈಮ್‌ಗಳನ್ನು ತಡೆಯುವ ಹೊಸ ರಾಸಾಯನಿಕಗಳನ್ನು ಹುಡುಕುವುದು ನಮ್ಮ ಕೆಲಸ.

ಎರಡು ವರ್ಷದ ಹಿಂದೆ ಬ್ಯಾಡಗಿ ಕಡೆಯ ಒಂದು ಹೊಲದಿಂದ ಕಾಯಿ ಕೊಳೆ ಬಂದ ಮೆಣಸಿನಕಾಯಿ ತಂದಿದ್ದೆ. ಕೆಂಪು ಹಣ್ಣಿನ ಮೇಲೆ ತಗ್ಗಾದ ಕಲೆ, ಅದರೊಳಗೆ ಸುತ್ತುಸುತ್ತಾಗಿ ಕರಿ ಚುಕ್ಕೆ. ನೋಡಿದ ಕೂಡಲೇ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಎಂದು ಗೊತ್ತಾಗುತ್ತದೆ. ಹೊಲದ ಕಾಕಾ ಅಜಾಕ್ಸಿಸ್ಟ್ರೋಬಿನ್ ಎಂಬ ಶಿಲೀಂಧ್ರನಾಶಕದ ಬಾಟಲಿ ತೋರಿಸಿ ಕೇಳಿದರು: "ಎರಡು ಸಲ ಈ ಎಣ್ಣಿ ಹೊಡದೀನಿ ತಂಗಿ. ಇದು ನಡೀತೈತೋ ಇಲ್ಲೋ, ಅಷ್ಟ ಹೇಳವಾ."

ನಾನು ಶಿಲೀಂಧ್ರ ಬೆಳೆಸುವ ಅಗರ್ ಪ್ಲೇಟ್‌ಗೆ ಅದೇ ಔಷಧ ಬೆರೆಸಿ, ಕಾಯಿಯಿಂದ ತೆಗೆದ ಶಿಲೀಂಧ್ರ ಇಟ್ಟೆ. ಏಳು ದಿನಕ್ಕೆ ಅದು ಚೆನ್ನಾಗಿಯೇ ಬೆಳೆದಿತ್ತು. ಔಷಧಕ್ಕೆ ಬಗ್ಗದ ತಳಿ ಅಂದುಕೊಂಡೆ. ಕಾಕಾಗೆ ಫೋನ್ ಮಾಡಿ "ಇದು ನಡೆಯಲ್ಲ, ಬಿಟ್ಟುಬಿಡಿ" ಎಂದೂ ಹೇಳಿದೆ.

ವಾರದ ಮೀಟಿಂಗ್‌ನಲ್ಲಿ ನಮ್ಮ ಹಿರಿಯ ಮೇಡಂ ಕೇಳಿದ್ದು ಒಂದೇ ಮಾತು: "ಶಾಮ್ ಹಾಕಿದ್ದೆಯಾ?"

ಹಾಕಿರಲಿಲ್ಲ.

ಅಜಾಕ್ಸಿಸ್ಟ್ರೋಬಿನ್ ತಡೆಯುವುದು ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಸೈಟೊಕ್ರೋಮ್ ಬಿಸಿ1 ಎಂಬ ಎಂಜೈಮ್ ಗುಂಪನ್ನು. ಅದು ನಿಂತರೆ ಶಿಲೀಂಧ್ರಕ್ಕೆ ಶಕ್ತಿ ಸಿಗುವುದಿಲ್ಲ. ಆದರೆ ಅದಕ್ಕೊಂದು ಹಿತ್ತಲ ಬಾಗಿಲಿದೆ, ಆಲ್ಟರ್ನೇಟಿವ್ ಆಕ್ಸಿಡೇಸ್ ಎಂಬ ಇನ್ನೊಂದು ಎಂಜೈಮ್. ಆ ದಾರಿಯಲ್ಲಿ ಸಿಗುವ ಶಕ್ತಿ ಕಡಿಮೆ. ಆದರೂ ಸಕ್ಕರೆ ತುಂಬಿದ ಪ್ಲೇಟ್‌ನಲ್ಲಿ ಕೂತು ಬೆಳೆಯಲು ಅಷ್ಟು ಸಾಕು. ಶಾಮ್, ಅಂದರೆ ಸ್ಯಾಲಿಸಿಲ್‌ಹೈಡ್ರಾಕ್ಸಾಮಿಕ್ ಆಮ್ಲ, ಆ ಬಾಗಿಲನ್ನೂ ಮುಚ್ಚುತ್ತದೆ. ಬರೀ ಶಾಮ್ ಹಾಕಿದ ಪ್ಲೇಟ್ ಕೂಡ ಪಕ್ಕದಲ್ಲಿ ಇರಲೇಬೇಕು, ಯಾಕೆಂದರೆ ಅದೊಂದೇ ಶಿಲೀಂಧ್ರವನ್ನು ಸ್ವಲ್ಪ ನಿಧಾನ ಮಾಡಬಹುದು.

ಮತ್ತೆ ಮಾಡಿದೆ. ಬರೀ ಶಾಮ್ ಇದ್ದಲ್ಲಿ ಬೆಳೆಯಿತು. ಎರಡೂ ಇದ್ದಲ್ಲಿ ಬೆಳವಣಿಗೆ ನಿಂತಿತು. ಆ ಎಂಜೈಮ್ ಗುಂಪಿನ ಒಂದು ಭಾಗವಾದ ಸೈಟೊಕ್ರೋಮ್ ಬಿ ಜೀನ್ ಓದಿಸಿದೆವು. ಈ ಔಷಧಕ್ಕೆ ಬಗ್ಗದ ತಳಿಗಳಲ್ಲಿ ಸಾಮಾನ್ಯವಾಗಿ 143ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಹೋಗಿ ಅಲನಿನ್ ಬಂದಿರುತ್ತದೆ. ಇದರಲ್ಲಿ ಗ್ಲೈಸಿನ್ ಹಾಗೇ ಇತ್ತು. ಅಂದರೆ ಇದು ಔಷಧಕ್ಕೆ ಬಗ್ಗುವ ತಳಿಯೇ.

ಆಗ ನನಗೆ ಜಾಸ್ತಿ ನೋವು ಕೊಟ್ಟಿದ್ದು ಬೇರೆ ವಿಷಯ. ಇದೇ ಎಂಜೈಮ್ ಮೇಲೆ ಕೆಲಸ ಮಾಡುವ ನಮ್ಮದೇ ಎರಡು ಹೊಸ ರಾಸಾಯನಿಕಗಳನ್ನು ಅದಕ್ಕೂ ಆರು ತಿಂಗಳ ಮೊದಲು ಬರೀ ಪ್ಲೇಟ್ ನೋಡಿ ಪಟ್ಟಿಯಿಂದ ತೆಗೆದಿದ್ದೆ. ಟ್ಯೂಬ್‌ನಲ್ಲಿ ಎಂಜೈಮ್ ತಡೆದಿದ್ದವು, ಪ್ಲೇಟ್‌ನಲ್ಲಿ ಸೋತಿದ್ದವು. ಜೀವಕೋಶದ ಒಳಗೆ ಹೋಗುತ್ತಿಲ್ಲ ಎಂದು ಸುಮ್ನೆ ಊಹಿಸಿ ಬರೆದಿದ್ದೆ. ಫ್ರೀಜರ್‌ನಿಂದ ತೆಗೆದು ಮತ್ತೆ ನೋಡಿದೆ, ಈ ಸಲ ಶಾಮ್ ಜೊತೆಗೆ ಮತ್ತು ಕಿತ್ತ ಹಣ್ಣಿನ ಮೇಲೂ. ಒಂದು ನಿಜವಾಗಿಯೂ ಸೋತಿತು. ಇನ್ನೊಂದನ್ನು ಹಚ್ಚಿದ ಹಣ್ಣಿನಲ್ಲಿ ಕಲೆ ಬರಲಿಲ್ಲ. ಅದು ಈಗ ಮತ್ತೆ ಪಟ್ಟಿಯಲ್ಲಿದೆ.

ಹಾಗಾದರೆ ಕಾಕಾ ಹೊಲದಲ್ಲಿ ಕೊಳೆ ಯಾಕೆ ನಿಲ್ಲಲಿಲ್ಲ? ಬೀಜಕಣ ಮೊಳೆಯುವಾಗ ಶಿಲೀಂಧ್ರಕ್ಕೆ ತುಂಬಾ ಶಕ್ತಿ ಬೇಕು. ಹಿತ್ತಲ ಬಾಗಿಲಿನ ಶಕ್ತಿ ಆಗ ಸಾಲುವುದಿಲ್ಲ. ಹಾಗಾಗಿ ಈ ಔಷಧದ ಬಲ ಹೆಚ್ಚಾಗಿ ರೋಗ ಒಳಗೆ ಹೋಗುವ ಮೊದಲು. ಮತ್ತೆ ಫೋನ್ ಮಾಡಿ ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ, ಆವತ್ತೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: "ಕಾಕಾ, ಎಣ್ಣೆ ಹೊಡೆದದ್ದು ಯಾವಾಗ?"

"ಕಲಿ ಕಂಡ ಮ್ಯಾಲೆ, ತಂಗಿ."