ಕ್ರುಶೆವೊಗೆ ಹೊರಟವರು ಮೊದಲು ಬಸ್ಸಿನ ಬೋರ್ಡ್ ಓದಲು ಕಲಿಯಿರಿ

ಪ್ರಿಲೆಪ್ ಊರಿನ ಬಸ್ ನಿಲ್ದಾಣದಲ್ಲಿ ನಮ್ಮ 1800 ಡೆನಾರ್ ಹೋಯಿತು. ಸುಮಾರು 30 ಯೂರೋ. ಉತ್ತರ ಮ್ಯಾಸಿಡೋನಿಯಾದಲ್ಲಿ ಇದು ಸಣ್ಣ ದುಡ್ಡಲ್ಲ. ಇಬ್ಬರು ಎರಡು ದಿನ ಹೊಟ್ಟೆ ತುಂಬಾ ಊಟ ಮಾಡಬಹುದು.

ಆಗಿದ್ದು ಇಷ್ಟು. ನಾನು, ಅಕ್ಕ ರಾಜಧಾನಿ ಸ್ಕೋಪ್ಯೆಯಿಂದ ಬಸ್ಸಲ್ಲಿ ಬಂದು ಮಧ್ಯಾಹ್ನ ಪ್ರಿಲೆಪ್‌ನಲ್ಲಿ ಇಳಿದೆವು. ಅಲ್ಲಿಂದ ನಾವು ಹೊರಟಿದ್ದ ಬೆಟ್ಟದ ಪಟ್ಟಣ ಕ್ರುಶೆವೊ ಮೂವತ್ತು ಚಿಲ್ಲರೆ ಕಿಲೋಮೀಟರ್. ಒಬ್ಬ ಟ್ಯಾಕ್ಸಿಯವನು ಹತ್ತಿರ ಬಂದು, "ಕ್ರುಶೆವೊ? ಬಸ್ ಇಲ್ಲ, ಕೊನೆಯದು ಹೋಯಿತು" ಅಂದ. ಪಕ್ಕದಲ್ಲೇ ಒಂದು ಹಳೆಯ ಸಣ್ಣ ಬಸ್ ನಿಂತಿತ್ತು. ಅದರ ಬೋರ್ಡ್ ನೋಡಿದೆ. ನನಗೆ ಕಂಡದ್ದು ಕೆ, ಪಿ, ವೈ, ಆಮೇಲೆ ಮೂರು ಕೋಲು ನಿಲ್ಲಿಸಿದ ಹಾಗೆ ಒಂದು ಅಕ್ಷರ. ನಮ್ಮದಲ್ಲ ಅಂದುಕೊಂಡು ಟ್ಯಾಕ್ಸಿ ಹತ್ತಿದೆವು. ಕ್ರುಶೆವೊ ಪೇಟೆಯಲ್ಲಿ ಇಳಿದು ಚೀಲ ತೆಗೆಯುತ್ತಿರುವಾಗ ಅದೇ ಬಸ್ ಬಂದು ಎದುರಿಗೆ ನಿಂತಿತು. ಪಿ ಹಾಗೆ ಕಾಣುವುದು ಸಿರಿಲಿಕ್ ಲಿಪಿಯ ರ. ವೈ ಹಾಗೆ ಕಾಣುವುದು ಉ. ಮೂರು ಕೋಲಿನದು ಶ. ಬೋರ್ಡಿನಲ್ಲಿ ನೆಟ್ಟಗೆ "ಕ್ರುಶೆವೊ" ಎಂದೇ ಬರೆದಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಹೊರಡುವ ಮುಂಚೆ ಒಂದು ಸಂಜೆ ಕೂತು ಆ ಲಿಪಿ ಕಲಿಯಿರಿ. ಮೂವತ್ತೊಂದೇ ಅಕ್ಷರ, ಅದರಲ್ಲಿ ಕಾಲುಭಾಗ ಇಂಗ್ಲಿಷಿನ ಹಾಗೇ ಇದೆ. ಸಿ ಹಾಗಿರುವುದು ಸ, ಎಚ್ ಹಾಗಿರುವುದು ನ, ಬಿ ಹಾಗಿರುವುದು ವ. ಇಷ್ಟು ಗೊತ್ತಿದ್ದರೂ ಬಸ್ಸಿನ ಬೋರ್ಡ್, ಹೋಟೆಲಿನ ಪಟ್ಟಿ ಎರಡನ್ನೂ ಓದಬಹುದು. ನಿಲ್ದಾಣದಲ್ಲಿ ಯಾರು ಏನೇ ಹೇಳಲಿ, ಟಿಕೆಟ್ ಕಿಟಕಿಗೆ ಹೋಗಿ ಊರಿನ ಹೆಸರು ಹೇಳಿ ಕೇಳಿ.

ದಾರಿ ಮಾತ್ರ ಬಹಳ ಚೆನ್ನಾಗಿದೆ. ಪೆಲಗೋನಿಯಾ ಎಂಬ ದೊಡ್ಡ ಬಯಲು, ಎರಡೂ ಕಡೆ ಹೊಗೆಸೊಪ್ಪಿನ ಹೊಲ. ಆಮೇಲೆ ರಸ್ತೆ ತಿರುಗಿ ತಿರುಗಿ ಬೆಟ್ಟ ಹತ್ತುತ್ತದೆ. ಕ್ರುಶೆವೊ ಇರುವುದು ಸಮುದ್ರಮಟ್ಟದಿಂದ ಸುಮಾರು 1350 ಮೀಟರ್ ಎತ್ತರದಲ್ಲಿ. ಆ ದೇಶದಲ್ಲಿ ಇಷ್ಟು ಎತ್ತರದಲ್ಲಿ ಬೇರೆ ಪಟ್ಟಣ ಇಲ್ಲ. ಕೆಳಗೆ ಬಯಲಲ್ಲಿ ಬೆವರು ಸುರಿಯುವ ಜುಲೈಯಲ್ಲೂ ಇಲ್ಲಿ ರಾತ್ರಿ ಸ್ವೆಟರ್ ಬೇಕಾಯಿತು. ಬೆಟ್ಟದ ತುದಿಯಿಂದ ಪ್ಯಾರಾಗ್ಲೈಡಿಂಗ್ ಮಾಡುವವರು ಹಾರಿ ಬಯಲಿನ ಮೇಲೆ ತೇಲುತ್ತಾ ಹೋಗುವುದು ಪೇಟೆಯಿಂದಲೇ ಕಾಣುತ್ತದೆ. ಊರೊಳಗೆ ಸಮತಟ್ಟಾದ ಬೀದಿ ಅನ್ನುವುದೇ ಇಲ್ಲ. ಎಲ್ಲ ಕಲ್ಲು ಹಾಸಿದ ಏರು. ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಚೀಲ ತನ್ನಿ. ಮಂಡಿ ನೋವಿರುವವರು ಪೇಟೆ ಚೌಕದ ಹತ್ತಿರವೇ ರೂಮ್ ಹಿಡಿಯಿರಿ.

ಇನ್ನು ರೂಮಿನ ವಿಷಯ. ನಾವು ಹೋದದ್ದು ಜುಲೈ 31ಕ್ಕೆ, ಬೇಕೆಂದೇ. ಆಗಸ್ಟ್ 2 ಅಲ್ಲಿ ಇಲಿಂದೆನ್, ಅಂದರೆ ಸಂತ ಎಲೀಯನ ದಿನ. ಇಡೀ ದೇಶಕ್ಕೆ ರಾಷ್ಟ್ರೀಯ ಹಬ್ಬ. ಒಂದು ತಿಂಗಳು ಮುಂಚೆಯೇ ಬುಕ್ ಮಾಡಿದ್ದ ರೂಮಿಗೆ, ಬಾಗಿಲಲ್ಲಿ ನಿಂತು "ಹಬ್ಬ, ಬೆಲೆ ಎರಡರಷ್ಟು" ಅಂದರು. ಬುಕ್ ಮಾಡಿದ್ದನ್ನು ಫೋನಲ್ಲಿ ತೋರಿಸಿದೆವು. ಪ್ರಯೋಜನ ಆಗಲಿಲ್ಲ. ಕೊಟ್ಟ ರೂಮಿಗೆ ಕಿಟಕಿ ಇತ್ತು, ತೆರೆದರೆ ಪಕ್ಕದ ಮನೆಯ ಗೋಡೆ. ಬಿಸಿನೀರು ಅಕ್ಕನ ಸ್ನಾನಕ್ಕೇ ಮುಗಿದುಹೋಯಿತು. ದುಡ್ಡಿಗಿಂತ ಮಾತು ತಪ್ಪಿದ್ದು ನೋವಾಯಿತು. ಒಂದು ರಾತ್ರಿ ಇದ್ದು ಬೆಳಗ್ಗೆಯೇ ಬಿಟ್ಟೆವು.

ಮೇಲಿನ ಬೀದಿಯಲ್ಲಿ ಒಂದು ಮನೆಗೆ "ಸೋಬಿ" ಎಂದು ಹಲಗೆ ತೂಗುಹಾಕಿತ್ತು. ರೂಮುಗಳು ಎಂದರ್ಥ. (ಆ ಹೊತ್ತಿಗೆ ನನಗೆ ಅಷ್ಟು ಓದಲು ಬರುತ್ತಿತ್ತು.) ಒಬ್ಬ ಅಜ್ಜಿ ಬಾಗಿಲು ತೆರೆದರು. ಹಬ್ಬದ ದಿನವೂ ಮಾಮೂಲಿ ಬೆಲೆ, ಮೇಲೆ ಒಂದು ಲೋಟ ತಣ್ಣಗಿನ ಮೊಸರು. ಅವರು ಫೋನಲ್ಲಿ ಮಗಳ ಜೊತೆ ಆಡುತ್ತಿದ್ದ ಮಾತು ಬಸ್ಸಲ್ಲಿ ಕೇಳಿದ ಮ್ಯಾಸಿಡೋನಿಯನ್ ಹಾಗಿರಲಿಲ್ಲ. ಅದು ಅರೋಮೇನಿಯನ್, ರೊಮೇನಿಯನ್ ಭಾಷೆಗೆ ಹತ್ತಿರದ್ದು. ಅಲ್ಲಿಯ ಜನ ವ್ಲಾಹ್ ಅನ್ನುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದ ನನಗೆ ಇದು ತುಂಬಾ ಆಪ್ತ ಅನ್ನಿಸಿತು. ಮೊಸ್ಕೊಪೋಲೆ ಎಂಬ ಶ್ರೀಮಂತ ಊರು, ಈಗ ಅಲ್ಬೇನಿಯಾದಲ್ಲಿದೆ, 18ನೇ ಶತಮಾನದ ಕೊನೆಯ ಭಾಗದಲ್ಲಿ ಸುಲಿಗೆಗೆ ಸಿಕ್ಕಿ ಹಾಳಾಯಿತು. ಅಲ್ಲಿಂದ ಓಡಿಬಂದ ವ್ಲಾಹ್ ವ್ಯಾಪಾರಿಗಳು, ಕುಶಲಕರ್ಮಿಗಳು ಈ ಬೆಟ್ಟದ ಹಳ್ಳಿಯನ್ನು ಪೇಟೆ ಮಾಡಿದರು. ಹೊರಕ್ಕೆ ಚಾಚಿದ ಮಹಡಿಯ ಬಿಳಿ, ನೀಲಿ ಮನೆಗಳು ಆ ಕಾಲದ ಸಿರಿವಂತಿಕೆಯನ್ನು ನೆನಪಿಸುತ್ತವೆ. ಇವತ್ತಿಗೂ ಈ ಪುರಸಭೆಯಲ್ಲಿ ಅರೋಮೇನಿಯನ್ ಅಧಿಕೃತ ಭಾಷೆ. "ಬುನ ಝುವ" ಅನ್ನಿ, ನಮಸ್ಕಾರ ಅಂದ ಹಾಗೆ. ಅಜ್ಜಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

1903ರ ಆಗಸ್ಟ್ 2ರಂದು ಒಟ್ಟೊಮನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಾಗ ಬಂಡಾಯಗಾರರು ಈ ಊರನ್ನು ಹಿಡಿದು ಗಣರಾಜ್ಯ ಸಾರಿದರು. ನಿಕೋಲ ಕಾರೆವ್ ಎಂಬ ಇಲ್ಲಿಯದೇ ಶಾಲಾ ಮೇಷ್ಟ್ರು ಅಧ್ಯಕ್ಷ. ಬೇರೆ ಬೇರೆ ಸಮುದಾಯಗಳಿಂದ ಆರಿಸಿದ 60 ಜನರ ಮಂಡಳಿ. ಫಿರಂಗಿ ಇಲ್ಲದೆ ಚೆರ್ರಿ ಮರದ ದಿಮ್ಮಿ ಕೊರೆದು ಫಿರಂಗಿ ಮಾಡಿಕೊಂಡಿದ್ದರು. ಹತ್ತು ದಿನಕ್ಕೆ ಸೈನ್ಯ ಬಂತು, ಊರು ಸುಟ್ಟಿತು. ಗಣರಾಜ್ಯ ಸಾರಿದ ಮನೆಯೇ ಈಗ ದಂಗೆಯ ಮ್ಯೂಸಿಯಂ. ಚಿಕ್ಕದು, ಅರ್ಧ ಗಂಟೆ ಸಾಕು. ಆದರೆ ಅದನ್ನು ಮೊದಲು ನೋಡಿ, ಸ್ಮಾರಕಗಳನ್ನು ಆಮೇಲೆ. ನಾವು ಉಲ್ಟಾ ಮಾಡಿದೆವು, ಹಾಗಾಗಿ ಸ್ಮಾರಕದಲ್ಲಿ ಅರ್ಧ ಅರ್ಥವಾಗಲಿಲ್ಲ.

ಮಕೆಡೋನಿಯಂ ಸ್ಮಾರಕ ಊರಿನ ಮೇಲಿನ ಗುಡ್ಡದಲ್ಲಿದೆ. 1974ರಲ್ಲಿ ತೆರೆದದ್ದು, ಯೋರ್ದಾನ್ ಮತ್ತು ಇಸ್ಕ್ರ ಗ್ರಾಬುಲ್ ದಂಪತಿಯ ಕಲ್ಪನೆ. ಗದೆಯ ತಲೆಯನ್ನು ಗುಡ್ಡದ ಮೇಲೆ ಇಟ್ಟ ಹಾಗೆ ಬಿಳಿಯ ದುಂಡು ಕಟ್ಟಡ, ಸುತ್ತಲೂ ಹೊರಚಾಚಿದ ಕಿಟಕಿಗಳು. ಒಳಗೆ ಕಾರೆವ್ ಸಮಾಧಿ, ಮೇಲಿಂದ ಬಣ್ಣದ ಗಾಜಿನ ಬೆಳಕು. ಬೆಳಗ್ಗೆ ಬೇಗ ಹೋಗಿ. ನಾವಿಬ್ಬರೇ ಇದ್ದಾಗ ಹೆಜ್ಜೆ ಸದ್ದು ಕೂಡ ಗುಂಯ್ ಅನ್ನುತ್ತಿತ್ತು. ಪ್ರವಾಸಿ ಬಸ್ಸುಗಳು ಬಂದ ಮೇಲೆ ಎಲ್ಲ ಹೋಯಿತು.

ಈಗ ನಿಜ ಹೇಳಬೇಕಾದ ಮಾತು. ಆಗಸ್ಟ್ 2ರಂದು ಹೋಗಬೇಡಿ. ನನಗೆ ಜನಜಂಗುಳಿ ಆಗುವುದಿಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಓದಿ. ಊರಿನಾಚೆ ಮೆಚ್ಕಿನ್ ಕಾಮೆನ್, ಅಂದರೆ ಕರಡಿಯ ಕಲ್ಲು ಎಂಬ ಜಾಗ ಇದೆ. ಪಿತು ಗುಲಿ ಎಂಬ ವ್ಲಾಹ್ ನಾಯಕ ತನ್ನವರ ಜೊತೆ ಹೋರಾಡಿ ಸತ್ತದ್ದು ಅಲ್ಲೇ. ಕಲ್ಲೆತ್ತಿ ಎಸೆಯಲು ನಿಂತ ಬಂಡಾಯಗಾರನ ಪ್ರತಿಮೆ ಇದೆ. ಹಬ್ಬದ ದಿನ ಸ್ಕೋಪ್ಯೆಯಿಂದ ಕುದುರೆ ಸವಾರರು ಅಲ್ಲಿಗೆ ಬರುತ್ತಾರೆ. ಅದು ನೋಡುವ ಹಾಗಿತ್ತು. ಉಳಿದದ್ದು ಭಾಷಣ, ಧ್ವನಿವರ್ಧಕ, ಬಿಸಿಲು. ನೆರಳಿಲ್ಲ. ಪ್ರತಿಮೆಯ ಹತ್ತಿರ ಹೋಗಲು ಆಗಲೇ ಇಲ್ಲ. 4ನೇ ತಾರೀಖು ಮತ್ತೆ ನಡೆದುಕೊಂಡು ಹೋದೆವು. ಒಣಗಿದ ಹೂಗುಚ್ಛಗಳು, ಗಾಳಿ, ನಾವಿಬ್ಬರು. ಬರೀ ಕೈಯಲ್ಲಿ ಕಲ್ಲು ಹಿಡಿದು ನಿಂತವರು ಅಂದರೆ ಏನೆಂದು ಆಗ ಗೊತ್ತಾಯಿತು. ಹಬ್ಬ ಮುಗಿದ ಎರಡು ದಿನಕ್ಕೆ ಹೋಗಿ, ರೂಮ್ ಬೆಲೆಯೂ ಇಳಿದಿರುತ್ತದೆ.

ಊಟ! ಇದನ್ನು ಬರೆಯಲೇ ಬೇಕು. ಅಕ್ಕ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ, ಈ ಕಡೆ ಎಲ್ಲಿ ನೋಡಿದರೂ ಸುಟ್ಟ ಮಾಂಸ. ಅಜ್ಜಿ ಒಂದು ಪದ ಕಲಿಸಿದರು: "ಪೋಸ್ನೋ". ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಯಾವುದೂ ಇರುವುದಿಲ್ಲ. ಮೀನು ಮಾತ್ರ ಬರಬಹುದು, ಅದನ್ನು ಬೇರೆಯಾಗಿ ಕೇಳಿಕೊಳ್ಳಿ. ಪೇಟೆಯಿಂದ ಇಳಿಯುವ ಬೀದಿಯಲ್ಲಿ ನಾಲ್ಕೇ ಮೇಜಿನ ಒಂದು ಜಾಗ, ಬೋರ್ಡ್ ಕೂಡ ಇಲ್ಲ. ಅಲ್ಲಿ ತಾವ್ಚೆ ಗ್ರಾವ್ಚೆ ಕೇಳಿದೆವು. ದೊಡ್ಡ ಬಿಳಿ ಕಾಳನ್ನು ಬೇಯಿಸಿ, ಈರುಳ್ಳಿ, ಎಣ್ಣೆ, ಒಣ ಕೆಂಪು ಮೆಣಸಿನ ಪುಡಿ ಹಾಕಿ ಮಣ್ಣಿನ ಬೋಗುಣಿಯಲ್ಲಿ ಒಲೆಗಿಡುತ್ತಾರೆ. ಮೇಲೆ ಕೆನೆಗಟ್ಟಿದ ಹಾಗೆ ಕೆಂಪು ಪದರ, ಕೆಳಗೆ ಬೆಣ್ಣೆಯಂಥ ಕಾಳು. ಬೋಗುಣಿ ಮೇಜಿಗೆ ಬಂದಾಗ ಇನ್ನೂ ಕೊತಕೊತ ಅನ್ನುತ್ತಿತ್ತು. ಜೊತೆಗೆ ದಪ್ಪ ಬ್ರೆಡ್, ಬಾಯಿ ಸುಡುವ ಹಸಿರು ಮೆಣಸಿನಕಾಯಿ ಸುಟ್ಟು ಬೆಳ್ಳುಳ್ಳಿ ಹಾಕಿದ್ದು. ಬ್ರೆಡ್ಡಲ್ಲಿ ಬೋಗುಣಿಯ ಅಂಚು ಕೆರೆದು ತಿಂದೆವು. ಒಂದು ಬೋಗುಣಿಗೆ 160 ಡೆನಾರ್ ಕೊಟ್ಟೆವು. ನಾಲ್ಕು ದಿನದಲ್ಲಿ ಐದು ಸಲ ಹೋದೆವು. ಕೊನೆಯ ಸಲ ಅಡುಗೆಯ ಅಮ್ಮ ದುಡ್ಡು ತೆಗೆದುಕೊಳ್ಳುವ ಮುಂಚೆ ಅಕ್ಕನ ಕೆನ್ನೆ ಮುಟ್ಟಿ ಏನೋ ಹೇಳಿದರು. ಮಾತು ತಿಳಿಯಲಿಲ್ಲ, ಅಕ್ಕನ ಕಣ್ಣಲ್ಲಿ ನೀರು ಬಂತು.

ತೋಶೆ ಪ್ರೊಯೆಸ್ಕಿಯ ಸ್ಮಾರಕ ಮನೆಗೂ ಹೋಗಿ. ಈ ಊರಲ್ಲಿ ಬೆಳೆದ ಗಾಯಕ, 2007ರ ಅಕ್ಟೋಬರ್ 16ರಂದು ಕ್ರೊಯೇಷಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಬರೀ 26. ಅವನ ಹಾಡು ಒಂದೂ ಕೇಳದೆ ಹೋಗಬೇಡಿ. ಹಿಂದಿನ ರಾತ್ರಿ ಎರಡು ಮೂರು ಕೇಳಿಕೊಂಡು ಹೋದರೆ, ಅಲ್ಲಿ ಜನ ಯಾಕೆ ಅಳುತ್ತಾ ನಿಂತಿರುತ್ತಾರೆ ಅಂತ ತಿಳಿಯುತ್ತದೆ.

ವಾಪಸ್ ಬರುವ ದಿನ ಒಂದು ಡಬ್ಬಿ ಲೋಕುಮ್ ಕೊಂಡೆವು, ಸಕ್ಕರೆ ಪುಡಿ ಹೊರಳಿಸಿದ ಮೆತ್ತನೆ ಮಿಠಾಯಿ, ಈ ಊರಿನದು ಹೆಸರುವಾಸಿ. ಬಸ್ಸಿನ ಹೊತ್ತನ್ನು ಹಿಂದಿನ ಸಂಜೆಯೇ ನಿಲ್ದಾಣದಲ್ಲಿ ಕೇಳಿ ಬರೆದುಕೊಂಡಿದ್ದೆ. ಬೆಳಗ್ಗೆ ಅದೇ ಹಳೆಯ ಬಸ್ ಬಂತು. ಈ ಸಲ ಬೋರ್ಡಿನಲ್ಲಿ ಪ್ರಿಲೆಪ್ ಎಂದು ಬರೆದಿತ್ತು. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದಳು, ಹತ್ತಿದೆವು.