ಕಡಿಮೆ ಅಂಕಿ ಕೊಟ್ಟವರನ್ನು ಎಬ್ಬಿಸಿ ನಿಲ್ಲಿಸಿದರೆ ಮುಂದಿನ ವರ್ಷದ ಡೇಟಾ ಏನಾಗುತ್ತದೆ

ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ತಮ್ಮ ಪಂಚಾಯಿತಿಯ ನಳದ ನೀರಿನ ನಿಜವಾದ ಅಂಕಿ ಕೊಟ್ಟರು. ತುಂಬಿದ ಸಭೆಯಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿ ಬೈದರು. ಅಲ್ಲಿಂದೀಚೆಗೆ ಆ ತಾಲೂಕಿನಿಂದ ಬರುವ ಯಾವ ಅಂಕಿಯನ್ನೂ ನಾನು ನೆಮ್ಮದಿಯಿಂದ ನಂಬಿಲ್ಲ. ನಡೆದದ್ದು ಇಷ್ಟೇ. ಆದರೆ ಅದರಿಂದ ಹಾಳಾದದ್ದು ಬಹಳ, ಅದಕ್ಕೇ ಬರೆಯುತ್ತಿದ್ದೇನೆ.

ಗದಗ-ಹಾವೇರಿ ಭಾಗದಲ್ಲಿ ಪಿಎಐ, ಅಂದರೆ ಗ್ರಾಮ ಪಂಚಾಯಿತಿಗಳ ಪ್ರಗತಿ ಅಳೆಯುವ ಸೂಚ್ಯಂಕದ ಡೇಟಾ ಪರಿಶೀಲನೆ ನನ್ನ ಕೆಲಸ. ಸುಸ್ಥಿರ ಅಭಿವೃದ್ಧಿ ಗುರಿಗಳು ಅಂದರೆ ಹೆಚ್ಚಿನವರಿಗೆ ನೆನಪಾಗುವುದು 17 ಬಣ್ಣದ ಚೌಕಗಳ ಪೋಸ್ಟರ್. 2015ರಲ್ಲಿ ವಿಶ್ವಸಂಸ್ಥೆಯ 193 ದೇಶಗಳು 17 ಗುರಿ, 169 ಉಪಗುರಿಗಳನ್ನು ಒಪ್ಪಿದವು, 2030ರ ಗಡುವು ಹಾಕಿಕೊಂಡವು. ನೀತಿ ಆಯೋಗ 2018ರಿಂದ ರಾಜ್ಯಗಳಿಗೆ ಅಂಕ ಕೊಡಲು ಶುರು ಮಾಡಿತು. 2023-24ರ ವರದಿಯಲ್ಲಿ ದೇಶಕ್ಕೆ 71, ಕರ್ನಾಟಕಕ್ಕೆ 75. ಅದೇ ಲೆಕ್ಕ ಗ್ರಾಮ ಪಂಚಾಯಿತಿಗೆ ಇಳಿದಾಗ ಪಿಎಐ ಆಯಿತು. ಒಂಬತ್ತು ವಿಷಯ, ಮೊದಲ ಸುತ್ತಿನಲ್ಲಿ 435 ಸೂಚಕ, 566 ಡೇಟಾ ಪಾಯಿಂಟ್. ನ್ಯೂಯಾರ್ಕಿನಲ್ಲಿ ಒಪ್ಪಿದ ಗುರಿಯ ಉತ್ತರ ಕೊನೆಗೆ ಬರಬೇಕಾದದ್ದು ಒಬ್ಬ ಪಿಡಿಒ ಮತ್ತು ಒಬ್ಬ ಡೇಟಾ ಎಂಟ್ರಿ ಆಪರೇಟರ್ ಕಡೆಯಿಂದ. ಅವರಿಗೆ ಅದೇ ವಾರ ಕರ ವಸೂಲಿ, ಉದ್ಯೋಗ ಖಾತರಿ ಕೆಲಸದ ಹಾಜರಿ ಫೋಟೊ, ಇ-ಸ್ವತ್ತು ಆಸ್ತಿ ದಾಖಲೆ ಎಲ್ಲವೂ ಇರುತ್ತವೆ. ಪೋರ್ಟಲ್ ಹಗಲು ತೆರೆಯುವುದಿಲ್ಲ, ರಾತ್ರಿ ಹನ್ನೊಂದರ ಮೇಲೆ ಓಡುತ್ತದೆ. ಒಟಿಪಿ ಹಳೆಯ ಪಿಡಿಒ ಮೊಬೈಲಿಗೆ ಹೋಗುತ್ತದೆ.

ಅವತ್ತು ಅಂಕಿಗಳನ್ನು ಮತ್ತೆ ಬದಲಿಸಲಾಗದಂತೆ ಫ್ರೀಜ್ ಮಾಡುವ ಕೊನೆಯ ದಿನ. ಮಧ್ಯಾಹ್ನ ತಾಲೂಕು ಪಂಚಾಯಿತಿ ಹಾಲ್‌ನಲ್ಲಿ ಕೂತು ಒಂದೊಂದೇ ಪಂಚಾಯಿತಿ ನೋಡುತ್ತಿದ್ದೆ. ಒಂಬತ್ತು ವಿಷಯಗಳಲ್ಲಿ ಒಂದಾದ 'ಜಲಸಮೃದ್ಧ ಪಂಚಾಯಿತಿ'ಗೆ ಬಂದಾಗ ಒಂದು ಪಂಚಾಯಿತಿಯ ಸಾಲು ಕೆಂಪಾಗಿತ್ತು. ಸುತ್ತಲಿನ ಪಂಚಾಯಿತಿಗಳೆಲ್ಲ ನಳದ ನೀರಿನಲ್ಲಿ ನೂರಕ್ಕೆ ನೂರು. ಇದು ಮಾತ್ರ ಅರ್ಧಕ್ಕಿಂತ ಕಡಿಮೆ. ನಮ್ಮ ಎಕ್ಸೆಲ್ ಶೀಟಿನ ನಿಯಮವೇ ಹಾಗಿದೆ: ಅಕ್ಕಪಕ್ಕಕ್ಕಿಂತ ಬಹಳ ಬೇರೆ ಬಂದ ಅಂಕಿ ತಪ್ಪಿರಬಹುದು, ವಾಪಸ್ ಕಳಿಸಿ. ಛೇದದಲ್ಲಿ ಒಟ್ಟು ಮನೆ ಹಾಕುವ ಕಡೆ ಜನಸಂಖ್ಯೆ ಹಾಕಿದ್ದಾರೆ ಎಂದೇ ನಾನೂ ತಿಳಿದೆ. ಆ ನಿಯಮದ ಅಪಾಯ ಆ ಹೊತ್ತಿಗೆ ಯಾರಿಗೂ ಕಂಡಿರಲಿಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ ಉಬ್ಬಿಸಿ ಬರೆದಾಗ ಕೆಂಪಾಗಿ ಕಾಣುವುದು ನಿಜ ಬರೆದವರ ಸಾಲೇ.

ಪಿಡಿಒ ಅವರನ್ನು ಕರೆಸಿದೆ. ಜೊತೆಗೆ ವಾಟರ್‌ಮನ್ ಕೂಡ ಬಂದಿದ್ದರು, ಕೈಯಲ್ಲಿ ನೂರು ಪುಟದ ನೋಟ್‌ಬುಕ್.

"ಮೇಡಂ, ಕನೆಕ್ಷನ್ ಎಲ್ಲಾರ ಮನಿಗೂ ಕೊಟ್ಟೇವ್ರಿ. ಹಂಗಂತ ಬರದ್ರ ನಮ್ದೂ ನೂರ ಆಗತೈತಿ. ಆದ್ರ ನೀರು ಬರೂದು ಬ್ಯಾರೆ ಮಾತ್ರಿ."

ನೋಟ್‌ಬುಕ್ಕಿನಲ್ಲಿ ಯಾವ ದಿನ ಯಾವ ಓಣಿಗೆ ವಾಲ್ವ್ ತಿರುವಿದರು, ಎಷ್ಟು ಹೊತ್ತು ಬಿಟ್ಟರು, ಕರೆಂಟ್ ಯಾವಾಗ ಹೋಯಿತು, ಎಲ್ಲ ಇತ್ತು. ಕೆಳಗಿನ ಓಣಿಗಳಿಗೆ ತಪ್ಪದೆ ನೀರು. ಮೇಲಿನ ಪ್ಲಾಟ್‌ಗಳ ಕಡೆ ಪುಟದ ಮೇಲೆ ಪುಟ ಖಾಲಿ.

"ಮ್ಯಾಲಿನ ಓಣಿಗೆ ಹೊಳಿ ನೀರು ಏರಂಗಿಲ್ರಿ," ಎಂದರು ವಾಟರ್‌ಮನ್. "ಅಲ್ಲಿಗೆ ಬೋರ್ ನೀರ ಬಿಡಬೇಕು. ಅದನ್ನ ಟೆಸ್ಟ್ ಮಾಡಿದ್ರ ಫ್ಲೋರೈಡ್ ಬರತೈತಿ. ಅಕ್ಕಾರ, ಆ ನೀರ ಕುಡಿಯೂವು ಅಂತ ನಾ ಹೆಂಗ ಹೇಳ್ಲಿ?"

ಜಲಜೀವನ ಮಿಷನ್ 2019ರಲ್ಲಿ ಶುರುವಾದಾಗಿನಿಂದ ಕಾರ್ಯನಿರತ ನಳ ಸಂಪರ್ಕ ಅಂದರೆ ಏನು ಅನ್ನುವುದು ಕಾಗದದಲ್ಲಿ ಸ್ಪಷ್ಟವಾಗಿದೆ: ತಲೆಗೆ ದಿನಕ್ಕೆ ಕನಿಷ್ಠ 55 ಲೀಟರ್, ಗುಣಮಟ್ಟ ಕುಡಿಯುವ ನೀರಿನ ಮಾನದಂಡವಾದ ಬಿಐಎಸ್ 10500ರ ಪ್ರಕಾರ, ಅದೂ ನಿಯಮಿತವಾಗಿ. ಫ್ಲೋರೈಡ್‌ಗೆ ಆ ಮಾನದಂಡ ಲೀಟರಿಗೆ 1 ಮಿಲಿಗ್ರಾಂ ಹೇಳುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಬೋರ್ ನೀರು ಕುಡಿದು ಬೆಳೆದವರ ಹಲ್ಲು ನೋಡಿದರೆ ಈ ದಶಮಾಂಶಗಳ ಅರ್ಥ ಗೊತ್ತಾಗುತ್ತದೆ. ಹಲ್ಲಿನ ಕಂದು ಕಲೆ ಕಣ್ಣಿಗೆ ಕಾಣುತ್ತದೆ, ಮೂಳೆಗೆ ಆಗಿದ್ದು ವಯಸ್ಸಾದ ಮೇಲೆ ಗೊತ್ತಾಗುತ್ತದೆ. ಆ ಪಿಡಿಒ ಮೂರೂ ಷರತ್ತು ಹಿಡಿದು ಲೆಕ್ಕ ಮಾಡಿದ್ದರು. ಉಳಿದವರು ಪೈಪು ಎಣಿಸಿದ್ದರು.

ಕೆಂಪು ಬಣ್ಣ ತೆಗೆದು "ಪರಿಶೀಲಿಸಿದೆ, ವಾಲ್ವ್ ಪುಸ್ತಕ ನೋಡಿದೆ" ಎಂದು ನಮ್ಮ ಶೀಟಿನಲ್ಲಿ ಬರೆದೆ. ಪೋರ್ಟಲ್‌ನಲ್ಲಿ ಷರಾ ಬರೆಯಲು ಜಾಗ ಇರಲಿಲ್ಲ.

ಸಂಜೆ ಪ್ರಗತಿ ಪರಿಶೀಲನಾ ಸಭೆ. ಪ್ರೊಜೆಕ್ಟರ್ ಮೇಲೆ ಪಂಚಾಯಿತಿಗಳ ಪಟ್ಟಿ ಅಂಕದ ಕ್ರಮದಲ್ಲಿ ಬಂತು. ನೀರಿನ ಕಾಲಂನಲ್ಲಿ ಎಲ್ಲಕ್ಕಿಂತ ಕೆಳಗೆ ಅದೇ ಹೆಸರು. ಮುಂದೆ ಕೂತ ಅಧಿಕಾರಿ ಪಟ್ಟಿಯನ್ನು ಕೆಳಗಿನಿಂದ ಓದಲು ಶುರು ಮಾಡಿದರು.

"ಯಾರ್ರೀ ಇವ್ರು? ಎದ್ದ ನಿಲ್ರಿ. ಬಾಜೂದವ್ರಿಗೆ ಆಗೂದು ನಿಮಗ ಯಾಕ ಆಗಂಗಿಲ್ಲ?"

ಪಿಡಿಒ ಎದ್ದು ನಿಂತರು. ಹೇಳಲು ಹೋದರು, ಮಾತು ಮುಗಿಸಲು ಬಿಡಲಿಲ್ಲ. ಕಾರಣ ಕೇಳಿ ನೋಟಿಸ್ ಎನ್ನುವ ಮಾತೂ ಬಂತು. ನಾನು ಎದ್ದೆ: "ಸರ್, ಈ ಅಂಕಿ ಇವತ್ತು ಮಧ್ಯಾಹ್ನ ನಾನೇ ಪರಿಶೀಲಿಸಿದ್ದು. ದಾಖಲೆ ಇದೆ. ಉಳಿದವನ್ನ ಇದೇ ರೀತಿ ನೋಡಬೇಕಾಗಿದೆ."

"ಮೇಡಂ, ನೀವು ಡೇಟಾ ನೋಡ್ರಿ. ಆಡಳಿತ ನಮಗ ಬಿಡ್ರಿ." ಆಮೇಲೆ ಪಿಡಿಒ ಕಡೆ ತಿರುಗಿ, "ನಾಳಿ ಅನ್ನೂದ್ರಾಗ ಇದು ಸರಿ ಆಗಿರಬೇಕು."

ಸರಿ ಆಗಬೇಕಾದದ್ದು ಮೇಲಿನ ಓಣಿಯ ನೀರೋ, ಪರದೆಯ ಮೇಲಿನ ಅಂಕಿಯೋ? ಯಾರೂ ಕೇಳಲಿಲ್ಲ. ನಾಳೆ ಅನ್ನುವುದರೊಳಗೆ ಸರಿ ಆಗುವಂಥದ್ದು ಎರಡರಲ್ಲಿ ಒಂದೇ. ಹಾಲ್‌ನಲ್ಲಿದ್ದ ಪಿಡಿಒಗಳಲ್ಲಿ ಕೆಲವರು ಅಲ್ಲೇ ತಮ್ಮ ಕಾಗದ ತೆಗೆದು ನೋಡತೊಡಗಿದರು. ಆ ಕಾಗದಗಳ ಸದ್ದು ನನಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಪಿಡಿಒ ಅಂಕಿ ಬದಲಿಸಲಿಲ್ಲ. ರಾತ್ರಿ ಹಾಗೆಯೇ ಫ್ರೀಜ್ ಆಯಿತು. ಒಂದು ಸಂಖ್ಯೆ ಉಳಿಯಿತು, ಗೆದ್ದೆವು ಎಂದುಕೊಂಡೆ. ಅದು ಗೆಲುವಲ್ಲ ಎಂದು ತಿಳಿದದ್ದು ಮುಂದಿನ ಸುತ್ತಿನ ಡೇಟಾ ಶುರುವಾದಾಗ. ಮೊದಲೆಲ್ಲ ಪಿಡಿಒಗಳು ಫೋನ್ ಮಾಡಿ "ಮೇಡಂ, ಇದನ್ನ ಹೆಂಗ ಎಣಿಸೂದು?" ಎಂದು ಕೇಳುತ್ತಿದ್ದರು. ಈಗ "ಮೇಡಂ, ಎಷ್ಟ ಹಾಕೂಣ್ರಿ?" ಎಂದು ಕೇಳುತ್ತಾರೆ. ನೀರು ಒಂದರಲ್ಲೇ ಅಲ್ಲ, ಅಂಗನವಾಡಿ ಮಕ್ಕಳ ತೂಕ, ಶಾಲೆ ಬಿಟ್ಟವರು, ಬಾಲ್ಯವಿವಾಹ, ಎಲ್ಲದರಲ್ಲೂ. ಬಾಲ್ಯವಿವಾಹದ ಕಾಲಂನಲ್ಲಿ ಸಾಲಾಗಿ ಸೊನ್ನೆ ಕಂಡಾಗ ನನಗೆ ಸಂತೋಷ ಆಗುವುದಿಲ್ಲ, ಭಯ ಆಗುತ್ತದೆ.

ಇದನ್ನು ಯೋಚಿಸುವಾಗ ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ಡಿ. ಎಂ. ನಂಜುಂಡಪ್ಪ ಸಮಿತಿ ವರದಿ ಪದೇ ಪದೇ ಎದುರು ಬರುತ್ತದೆ. 35 ಸೂಚಕ ಇಟ್ಟುಕೊಂಡು 175 ತಾಲೂಕು ಅಳೆದು, 114 ತಾಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಿದ ವರದಿ ಅದು. ಅಲ್ಲಿ ಕೆಳಗಿನ ಸ್ಥಾನ ಅಂದರೆ ಹೆಚ್ಚು ಅನುದಾನ ಕೊಡಲು ಕಾರಣ. ಆಮೇಲೆ ಬಂದ ವಿಶೇಷ ಅಭಿವೃದ್ಧಿ ಯೋಜನೆಗೆ ಅದೇ ಆಧಾರ. ಹಣ ಪೂರ್ತಿ ಖರ್ಚಾಯಿತೇ, ಸರಿಯಾದ ಕಡೆಗೆ ಹೋಯಿತೇ ಎಂಬ ಜಗಳ ಬೇರೆ. ನನಗೆ ಮುಖ್ಯವಾಗಿ ಕಾಣುವುದು, ಅಳತೆ ಅಲ್ಲಿ ಕೊರತೆ ಇದ್ದ ಕಡೆಗೆ ಬೆರಳು ತೋರಿಸಿತು, ಅಲ್ಲಿ ಕೆಲಸ ಮಾಡುವವರ ಕಡೆಗೆ ಅಲ್ಲ. ಪಿಎಐ ಕೂಡ ಬರಹದಲ್ಲಿ ಹಾಗೆಯೇ ಇದೆ. 40ಕ್ಕಿಂತ ಕಡಿಮೆ ಬಂದವರನ್ನೂ 'ಬಿಗಿನರ್' ಎಂದೇ ಕರೆದಿದೆ, ಫೇಲ್ ಎಂದಿಲ್ಲ. 2022-23ರ ಡೇಟಾ ಮೇಲೆ ಬಂದ ಮೊದಲ ಫಲಿತಾಂಶದಲ್ಲಿ ದೇಶದ 2.16 ಲಕ್ಷ ಪಂಚಾಯಿತಿಗಳಲ್ಲಿ ಒಂದೂ 90 ದಾಟಲಿಲ್ಲ. ಅಂದರೆ ಇಡೀ ದೇಶಕ್ಕೇ ಕೆಲಸ ಬಾಕಿ ಇದೆ ಎಂದು ಸೂಚ್ಯಂಕ ಒಪ್ಪಿಕೊಂಡಿದೆ. ಅದನ್ನು ರ‍್ಯಾಂಕ್ ಪಟ್ಟಿ ಮಾಡಿ, ಕೆಳಗಿನವರನ್ನು ಎಬ್ಬಿಸಿ ನಿಲ್ಲಿಸಿದ್ದು ನಮ್ಮ ಸಭೆ.

ಸೂಚ್ಯಂಕದ ಒಳಗಿನ ತೊಂದರೆಗಳೂ ಸಣ್ಣವಲ್ಲ. ತಲಾ ಲೆಕ್ಕಕ್ಕೆ ಇನ್ನೂ 2011ರ ಜನಗಣತಿಯೇ ಗತಿ. ಆಮೇಲೆ ಬಂದ ಆಶ್ರಯ ಪ್ಲಾಟ್‌ಗಳ ಜನ ಅದರಲ್ಲಿಲ್ಲ, ನೀರು ಏರದ ಓಣಿಗಳು ಹೆಚ್ಚಾಗಿ ಅವೇ. ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟಿಹಳ್ಳಿ ತಾಲೂಕು ಆದದ್ದು ಆ ಗಣತಿಯ ನಂತರ. ಹಳೆಯದಕ್ಕೆ ಹೋಲಿಸಬೇಕಾದರೆ ಹಳ್ಳಿ ಹಳ್ಳಿ ಜೋಡಿಸಿ ಕೂಡಿಸಬೇಕು. ಖಾಲಿ ಬಿಟ್ಟ ಕಾಲಂ ಒಂದು ಕಡೆ ಸೊನ್ನೆ ಆಗುತ್ತದೆ, ಇನ್ನೊಂದು ಕಡೆ 'ಅನ್ವಯಿಸುವುದಿಲ್ಲ' ಆಗುತ್ತದೆ. ಎರಡನೇ ಸುತ್ತಿಗೆ ಸೂಚಕಗಳನ್ನು 147ಕ್ಕೆ ಇಳಿಸಿದ್ದು ಒಳ್ಳೆಯದಾಯಿತು. ಆದರೆ ಎಷ್ಟೇ ಇಳಿಸಿದರೂ ಆ ಸಂಜೆಯ ಮಾತು ನೆನಪಿರುವ ಪಿಡಿಒ ಬರೆಯುವುದು ನೂರೇ.

ಆ ಪಂಚಾಯಿತಿಯ ಮುಂದಿನ ಅಭಿವೃದ್ಧಿ ಯೋಜನೆಯಲ್ಲಿ (ಜಿಪಿಡಿಪಿ) ಮೇಲಿನ ಓಣಿಗೆ ಬೇರೆ ಟ್ಯಾಂಕ್ ಕಟ್ಟುವ ಬೇಡಿಕೆ ಗ್ರಾಮಸಭೆಯ ನಡಾವಳಿಯೊಂದಿಗೆ ಸೇರಿತು. ಆಧಾರವಾಗಿ ಹಚ್ಚಿದ್ದು ಅದೇ ಅಂಕಿ. ನೂರಕ್ಕೆ ನೂರು ಬರೆದುಕೊಂಡ ಪಕ್ಕದ ಊರುಗಳಲ್ಲೂ ನೀರು ಏರದ ಓಣಿಗಳಿವೆ, ಆದರೆ ತಮ್ಮ ದಾಖಲೆಯ ಪ್ರಕಾರ ಅವರಿಗೆ ಕೇಳಲು ಕಾರಣವೇ ಇಲ್ಲ.

ಪರಿಶೀಲನಾ ಸಭೆಗಳಲ್ಲಿ ಪಿಎಐ ಪಟ್ಟಿಯನ್ನು ಅಂಕದ ಕ್ರಮದಲ್ಲಿ ತೋರಿಸಬಾರದು, ಊರಿನ ಹೆಸರಿನ ಅಕ್ಷರ ಕ್ರಮದಲ್ಲಿ ಹಾಕಬೇಕು, ಪ್ರತಿ ಕಡಿಮೆ ಅಂಕಿಗೆ ಪಿಡಿಒ ಏನು ಬೇಕು ಎಂದು ಹೇಳಲು ಸಮಯ ಕೊಡಬೇಕು, ಮತ್ತು ನೂರಕ್ಕೆ ನೂರು ಬಂದ ಕಡೆಗೇ ಮೊದಲು ಹೋಗಿ ವಾಲ್ವ್ ಪುಸ್ತಕ ನೋಡಬೇಕು ಎಂದು ಟಿಪ್ಪಣಿ ಕೊಟ್ಟಿದ್ದೇನೆ. ಕೊನೆಯದಕ್ಕೆ ಒಪ್ಪಿಗೆ ಸಿಕ್ಕಿದೆ. ಉಳಿದವು ಕಡತದಲ್ಲಿವೆ, ಕೇಳುತ್ತಲೇ ಇದ್ದೇನೆ.