ಬಫ್ ಸ್ಯಾಡಲ್‌ಬ್ಯಾಕ್ ಹೆಬ್ಬಾತು: ಎರಡನೇ ತಲೆಮಾರು ಬಂತು

ಬಫ್ ಬಣ್ಣವನ್ನೂ ಸ್ಯಾಡಲ್‌ಬ್ಯಾಕ್ ಮಚ್ಚೆಯನ್ನೂ ಒಂದೇ ಹೆಬ್ಬಾತಿನಲ್ಲಿ ಕೂಡಿಸುವ ನನ್ನ ಪ್ರಯತ್ನದ ಎರಡನೇ ತಲೆಮಾರಿನ ಮರಿಗಳು ಈ ವಾರ ಮೊಟ್ಟೆಯೊಡೆದು ಬಂದವು. ಅದರಲ್ಲೊಂದಕ್ಕೆ ತಲೆ, ಬೆನ್ನು, ತೊಡೆಯಲ್ಲಿ ತಿಳಿಗಂದು ಮಚ್ಚೆ, ಉಳಿದದ್ದೆಲ್ಲ ಹಳದಿ ತುಪ್ಪಳ. ಬೆಳೆದಾಗ ಈ ಹಳದಿ ಬಿಳಿಯಾಗುತ್ತದೆ. ಹೀಗೆ ಬಿಳಿ ಮೈಯಲ್ಲಿ ತಲೆ, ಬೆನ್ನು, ತೊಡೆಗಷ್ಟೇ ಬಣ್ಣ ಇರುವುದೇ ಸ್ಯಾಡಲ್‌ಬ್ಯಾಕ್. ನಾನು ಕಾಯುತ್ತಿದ್ದದ್ದು ಇದಕ್ಕೇ!

ಬಫ್ ಅಂದರೆ ಮಾಗಿದ ಗೋಧಿ ತೆನೆಯಂಥ ಬಣ್ಣ. ಇದರ ಜೀನ್ ಗಂಡು-ಹೆಣ್ಣು ನಿರ್ಧರಿಸುವ ಝಡ್ ಕ್ರೋಮೋಸೋಮಿನಲ್ಲಿದೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಹಾಗಾಗಿ ಹೆಣ್ಣು ಬಫ್ ಆಗಲು ಒಂದು ಜೀನ್ ಸಾಕು, ಗಂಡಿಗೆ ಎರಡು ಬೇಕು. ಸ್ಯಾಡಲ್‌ಬ್ಯಾಕ್ ಮಚ್ಚೆಗೆ ಗಂಡು-ಹೆಣ್ಣಿನ ಭೇದವಿಲ್ಲ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಅದು ಪೂರ್ತಿ ಕಾಣುತ್ತದೆ.

ಅದಕ್ಕೇ ಶುರುವಿನಲ್ಲಿ ಬಫ್ ಗಂಡುಗಳಿಗೆ ಬೂದು ಸ್ಯಾಡಲ್‌ಬ್ಯಾಕ್ ಹೆಣ್ಣುಗಳನ್ನು ಜೋಡಿ ಮಾಡಿದ್ದೆ. ಮೊದಲ ತಲೆಮಾರಿನ ಹೆಣ್ಣುಗಳೆಲ್ಲ ಬಫ್, ಗಂಡುಗಳೆಲ್ಲ ಬೂದು. ಮೈ ಒಣಗುತ್ತಿದ್ದಂತೆ ಗಂಡೋ ಹೆಣ್ಣೋ ಗೊತ್ತಾಗುತ್ತಿತ್ತು. ಜೋಡಿಯನ್ನು ಅದಲುಬದಲು ಮಾಡಿದ್ದರೆ ಮರಿಗಳೆಲ್ಲ ಬೂದು. ಅವುಗಳ ಮರಿಗಳಲ್ಲೂ ಹೆಣ್ಣು ಮಾತ್ರ ಬಫ್ ಆಗುತ್ತಿದ್ದವು, ಬಫ್ ಗಂಡಿಗೆ ಇನ್ನೊಂದು ತಲೆಮಾರು ಬೇಕಿತ್ತು. ಹೆಬ್ಬಾತು ಚೆನ್ನಾಗಿ ಮರಿ ಮಾಡಲು ಎರಡು ವರ್ಷ ಆಗಬೇಕು, ಅಷ್ಟು ಕಾಲ ಸುಮ್ನೆ ಕಳೆಯೋದು ಯಾಕೆ?

ವೇಲ್ಸ್‌ನ ಬ್ರೆಕನ್ ಬಫ್ ತಳಿಗೆ ಈ ಅನುಕೂಲ ಇರಲಿಲ್ಲ. 1929ರಲ್ಲಿ ಬೆಟ್ಟದ ಹಿಂಡೊಂದರಲ್ಲಿ ಮೊದಲು ಸಿಕ್ಕಿದ್ದೇ ಬಫ್ ಹೆಣ್ಣು. ಅದಕ್ಕೆ ಎಂಬ್ಡನ್ ಎಂಬ ಬಿಳಿ ತಳಿಯ ಗಂಡನ್ನು ಕೂಡಿಸಿ, ಹುಟ್ಟಿದ ಬೂದು ಗಂಡನ್ನು ಮತ್ತೆ ಬಫ್ ಹೆಣ್ಣುಗಳ ಜೊತೆ ಬಿಟ್ಟರು. ಆ ತಾಳ್ಮೆಗೆ ನನ್ನ ನಮಸ್ಕಾರ.

ಈ ಸಲ ಮೊದಲ ತಲೆಮಾರಿನ ಬೂದು ಗಂಡು, ಬಫ್ ಹೆಣ್ಣುಗಳನ್ನೇ ಸೇರಿಸಿದೆ. ಅಣ್ಣ-ತಂಗಿ ಆಗದಂತೆ ಬೇರೆ ಬೇರೆ ಜೋಡಿಯ ಮರಿಗಳನ್ನು ಆರಿಸಿಕೊಂಡಿದ್ದೆ. ಲೆಕ್ಕದ ಪ್ರಕಾರ ಅರ್ಧ ಬಫ್, ಕಾಲು ಭಾಗ ಸ್ಯಾಡಲ್‌ಬ್ಯಾಕ್. ಎರಡೂ ಕೂಡಿದ್ದು 8ರಲ್ಲಿ 1.

ಬಣ್ಣದ ಗಾಢತೆ ಬಗ್ಗೆ ಈಗಲೇ ಏನೂ ಹೇಳಲ್ಲ. ಬಫ್ ಬಿಸಿಲಿಗೆ ಮಾಸುತ್ತದೆ, ಗರಿ ಉದುರಿ ಹೊಸದು ಬಂದಾಗ ನೋಡಬೇಕು.

ಈ ಸಾಲಿನ ಬೂದು ಸ್ಯಾಡಲ್‌ಬ್ಯಾಕ್ ಗಂಡುಗಳನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ತಾಯಿ ಬಫ್ ಆದ್ದರಿಂದ ಅವುಗಳಲ್ಲಿ ಬಫ್ ಜೀನ್ ಇದ್ದೇ ಇರುತ್ತದೆ. ಬಫ್ ಸ್ಯಾಡಲ್‌ಬ್ಯಾಕ್ ಹೆಣ್ಣಿನ ಜೊತೆ ಬಿಟ್ಟರೆ ಮರಿಗಳೆಲ್ಲ ಸ್ಯಾಡಲ್‌ಬ್ಯಾಕ್, ಅದರಲ್ಲಿ ಅರ್ಧ ಬಫ್. ಕಾಲಿಗೆ ಉಂಗುರ ಹಾಕಿ ಬೇರೆ ಇಟ್ಟಿದ್ದೇನೆ.